ಅಮೆರಿಕದ ಜಿರಳೆಗೆ ಜೋಗುಪಾಳ್ಯದ ಡಬರಿ

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಜೋಗುಪಾಳ್ಯದಲ್ಲಿ ಯಾರ ಮಗಳು ಬಯಾಲಜಿಯಲ್ಲಿ ಬಿ.ಎಸ್ಸಿ. ಮುಗಿಸಿದರೂ, ಮುಂದೇನು ಎಂದು ಕೇಳಲು ಹೆತ್ತವರು ಬರುವುದು ನನ್ನ ಸ್ಟೀಲ್ ಪಾತ್ರೆ ಅಂಗಡಿಗೆ. ನಾನೂ ಇಲ್ಲವೆನ್ನುವುದಿಲ್ಲ. ಸಲಹೆಗೆ ಬಂಡವಾಳ ಬೇಡ, ಇಟ್ಟರೆ ತುಕ್ಕು ಹಿಡಿಯುವುದಿಲ್ಲ. ಕೇಳಿದವರು ಹೋಗುವಾಗ ದಾಕ್ಷಿಣ್ಯಕ್ಕಾದರೂ ಒಂದು ಲೋಟ ಕೊಳ್ಳುತ್ತಾರೆ.

ಈ ಪಾಂಡಿತ್ಯ ನನಗೆ ಬಂದದ್ದು ಮಗಳು ಮಂಜುಳಾಳಿಂದ. ತೊಂಬತ್ತರ ದಶಕದ ನಡುವಿನಲ್ಲಿ ಅವಳು ಸಿಬಿಝಡ್ ಮುಗಿಸಿದಳು. ಅಂದರೆ ಕೆಮಿಸ್ಟ್ರಿ, ಬಾಟನಿ, ಝೂವಾಲಜಿ. ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪಿದವರೆಲ್ಲ ಹತ್ತುವ ಬಸ್ಸು. ನಮ್ಮ ಬೀದಿಯ ಕಣ್ಣಿಗೆ ಅವಳು ಮುಕ್ಕಾಲು ಡಾಕ್ಟರು. ರಿಸಲ್ಟ್ ಬಂದ ವಾರವೇ ಪಕ್ಕದ ಮನೆಯ ಸೆಲ್ವಿಯಕ್ಕ ಕತ್ತು ವಾಲಿಸಿದ ಕೋಳಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

"ನಾನು ಓದಿರೋದು ಕೋಳಿ ಮೂಳೆ ಅಕ್ಕ, ಕಾಯಿಲೆ ಅಲ್ಲ" ಎಂದು ಮಂಜುಳಾ ಅಂಗಲಾಚಿದಳು.

"ಮೂಳೆವರ್ಗೂ ಗೊತ್ತಿದ್ಮೇಲೆ ಮಿಕ್ಕಿದ್ದೇನಮ್ಮಾ, ನೋಡು ನೋಡು."

ಮಗಳು ಕೋಳಿಯನ್ನು ನೋಡಿದಳು, ಕೋಳಿ ಮಗಳನ್ನು ನೋಡಿತು. ಮಾರನೆಯ ದಿನ ಅದು ತಾನಾಗಿ ಎದ್ದು ಓಡಾಡಿತು. ಸಂಜೆಯೊಳಗೆ ಬೀದಿಯವರು ಒಣಗಿದ ಕರಿಬೇವಿನ ಕುಂಡಗಳನ್ನೂ ತಂದಿಟ್ಟರು. ಬಾಟನಿಯೂ ಓದಿದ್ದಾಳಲ್ಲ!

ರೋಗಿಗಳು ಬಂದರೇ ಹೊರತು ಕೆಲಸ ಬರಲಿಲ್ಲ. ಕೆ.ಆರ್. ಪುರದ ಕಡೆಯ ಒಂದು ಶಾಲೆ ಬಯಾಲಜಿ ಟೀಚರ್ ಬೇಕೆಂದು ಕರೆದು, ಹಿಂದಿ ಪಾಠ ಮಾಡಿ ಡ್ರಿಲ್ಲೂ ಮಾಡಿಸುತ್ತೀರಾ ಎಂದು ಕೇಳಿತು. ಔಷಧಿ ಕಂಪನಿಯವರು ಸ್ಕೂಟರ್ ಇದೆಯಾ ಎಂದರು. ಡಿಗ್ರಿ ಕೇಳಲೇ ಇಲ್ಲ. ಯಾರೋ ಅಣಬೆ ಬೆಳೆಯಿರಿ ಎಂದರು. ಹುಲ್ಲಿನ ಚೀಲದಲ್ಲಿ ಎರಡು ತಿಂಗಳು ಕಾದರೂ ಬಾರದ ಅಣಬೆ ಬಚ್ಚಲ ಬಾಗಿಲಲ್ಲಿ ಕರೆಯದೆ ಬಂತು. ಕೊನೆಗೆ ಉಳಿದದ್ದು ನನ್ನ ಅಂಗಡಿಯ ಸ್ಟೂಲು. ಇಪ್ಪತ್ತು ವರ್ಷ ಅದರ ಮೇಲೆ ಕೂತು ಅವಳನ್ನು ಓದಿಸಿದ್ದು ಅವಳೂ ಅಲ್ಲಿ ಕೂರಲೆಂದಲ್ಲ.

ಅಷ್ಟರಲ್ಲಿ ಇಂದಿರಾನಗರದ ಕಡೆಯ ಒಂದು ಕಾಲೇಜಿನಲ್ಲಿ ಪ್ರಯೋಗ ಮಾಡಿ ತೋರಿಸುವ ಡೆಮಾನ್‌ಸ್ಟ್ರೇಟರ್ ಕೆಲಸ ಖಾಲಿಯಾಯಿತು. ಮಂಜುಳಾ ಹೋಗಿ ಕೇಳಿದಾಗ ಝೂವಾಲಜಿ ವಿಭಾಗದ ಮೇಡಂ ತಲೆಯ ಮೇಲೆ ಕೈ ಹೊತ್ತಿದ್ದರಂತೆ. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಕೊಯ್ಯಲು ಜಿರಳೆ ತಂದುಕೊಡುವವನು ನಾಪತ್ತೆ. "ಅರವತ್ತು ಜಿರಳೆ ತಗೊಂಬಾ, ಕೆಲ್ಸದ ವಿಷ್ಯ ನೋಡೋಣ" ಎಂದರಂತೆ.

ವ್ಯಾಪಾರ ಎಂದ ಮೇಲೆ ನಾನು ಮುಂದೆ ನಿಂತೆ. ಹಲಸೂರಿನಲ್ಲಿ ಮೆಸ್ಸು ನಡೆಸುವ ಪುಟ್ಟಸ್ವಾಮಿಯ ಹತ್ತಿರ ಮಗಳನ್ನು ಕರೆದುಕೊಂಡು ಹೋಗಿ, ನೇರವಾಗಿ ಕೇಳಿದೆ: "ನಿಮ್ಮಲ್ಲಿ ಜಿರಳೆ ಇದ್ಯೇನಪ್ಪ?"

ಊಟ ಮಾಡುತ್ತಿದ್ದವರ ಕೈಗಳು ನಿಂತವು. "ಏನಮ್ಮಾ, ನಮ್ಮ ಮೆಸ್ಸಲ್ಲಿ ಜಿರಳೆನಾ? ಕ್ಯಾಮೆ ಇಲ್ವಾ ನಿಮ್ಗೆ?" ಎಂದು ಗುಡುಗಿದ ಪುಟ್ಟಸ್ವಾಮಿ ನಮ್ಮನ್ನು ಹಿತ್ತಿಲಿಗೆ ಎಳೆದೊಯ್ದು, ದನಿ ತಗ್ಗಿಸಿ, "ಎಷ್ಟು ಬೇಕಿತ್ತು?" ಎಂದ.

ಇಲ್ಲಿ ನಾನು ಎಡವಿದೆ. ಕೊಳ್ಳುವ ಮಾಲನ್ನು ಹೊಗಳಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು, ಮಗಳ ಓದನ್ನು ಮೆರೆಸುವ ಚಪಲಕ್ಕೆ, "ಅದು ಸಾಮಾನ್ಯ ಜಿರಳೆ ಅಲ್ಲಪ್ಪ, ಅಮೆರಿಕಾನಾ ಅಂತ ಅದರ ಹೆಸರು" ಎಂದುಬಿಟ್ಟೆ. ಹಡಗು ಹತ್ತಿ ಆಫ್ರಿಕಾದಿಂದ ಹೋದದ್ದು, ಹೆಸರಷ್ಟೇ ಅಮೆರಿಕದ್ದು ಎಂದು ಮಂಜುಳಾ ತಿದ್ದುವಷ್ಟರಲ್ಲಿ ಕಾಲ ಮಿಂಚಿತ್ತು.

"ಫಾರಿನ್ ಮಾಲು!" ಪುಟ್ಟಸ್ವಾಮಿ ಮೋರಿಯತ್ತ ಮಮತೆಯಿಂದ ನೋಡಿದ. "ನಮ್ಮನೆ ಅನ್ನ ತಿಂದು ಬೆಳ್ದಿರೋವು ಅಮ್ಮ. ಸುಮ್ನೆ ಹೆಂಗ್ ಕೊಡ್ಲಿ?"

ನಿನ್ನೆಯವರೆಗೆ ಪೊರಕೆಯಲ್ಲಿ ಬಡಿಯುತ್ತಿದ್ದವನು! ನನ್ನ ಅಂಗಡಿಯ ಒಂದು ಲೋಟದಿಂದ ಶುರುವಾದ ಚೌಕಾಸಿ ದೊಡ್ಡ ಡಬರಿಗೆ ಬಂದು ನಿಂತಿತು, ಮುಚ್ಚಳ ಬೇರೆ. ಮಂಜುಳಾ ಬಾಟಲಿಗಳ ಬಾಯಿಗೆ ಒಳಗಿನಿಂದ ವ್ಯಾಸಲೀನ್ ಸವರಿ, ತಳದಲ್ಲಿ ಕಳಿತ ಬಾಳೆಹಣ್ಣಿಟ್ಟಳು. ಇಳಿದವು ಹತ್ತಲಾರದೆ ಜಾರಿದವು. ಎರಡು ದಿನದಲ್ಲಿ ಅರವತ್ತೆರಡು.

ಸೋಮವಾರ ಬೆಳಿಗ್ಗೆ ಅವನ್ನೆಲ್ಲ ಬಿಸ್ಕತ್ತಿನ ದೊಡ್ಡ ಡಬ್ಬಕ್ಕೆ ಸುರಿದುಕೊಂಡು ಕಾಲೇಜಿಗೆ ಹೋದೆವು. ಮೇಡಂ ನಕ್ಕು, "ಅಲ್ಲಿಟ್ಟು ಹೋಗಮ್ಮ, ಪರೀಕ್ಷೆ ಮುಗೀಲಿ, ಹೇಳಿ ಕಳಿಸ್ತೀನಿ" ಎಂದರು. ನಾನು ಬಾಯಿ ತೆರೆದೆ. ಮಂಜುಳಾ ಹಿಂದೆ ತಿರುಗಿ, "ಅಮ್ಮಾ, ನೀನು ಹೊರಗೆ ಕೂತ್ಕೊ" ಎಂದಳು. ಅಂಥ ದನಿಯನ್ನು ನಾನು ನನ್ನ ಗಂಟಲಲ್ಲಿ ಮಾತ್ರ ಕೇಳಿದ್ದೆ. ಹೊರಗಿನ ಬೆಂಚಿನಿಂದ ಮಿಕ್ಕಿದ್ದೆಲ್ಲ ಕೇಳಿಸಿತು.

"ಕೆಲ್ಸದ ಆರ್ಡರ್ ಕೊಡಿ ಮೇಡಂ, ಡಬ್ಬ ಕೊಡ್ತೀನಿ."

"ಇದೇನು, ಹೆದರಿಸ್ತೀಯಾ?"

"ಇಲ್ಲ ಮೇಡಂ. ಹುಡುಗ್ರು ಕಾಯ್ತಿದ್ದಾರೆ. ಇದರ ಮುಚ್ಚಳನೂ ಸ್ವಲ್ಪ ಸಡಿಲ."

ಆಮೇಲೆ ಪಕ್ಕದ ಆಫೀಸಿನಲ್ಲಿ ಟೈಪ್‌ರೈಟರ್ ಬಡಿಯುವ ಸದ್ದು. ಪುಟ್ಟಸ್ವಾಮಿಯ ಮುಂದೆ ನಾನು ಸೋತು ಬಂದ ವ್ಯಾಪಾರವನ್ನು ಅವಳು ಎರಡೇ ಮಾತಿನಲ್ಲಿ ಗೆದ್ದಿದ್ದಳು.

ಅದಕ್ಕೇ ಬಯಾಲಜಿ ಓದಿದರೆ ಏನು ಸಿಗುತ್ತದೆ ಎಂದು ಕೇಳುವ ಹೆತ್ತವರಿಗೆ ನಾನು ಹೇಳುವುದಿಷ್ಟು: ಕೆಲಸದ ಮಾತಿಗೆ ಮಗಳನ್ನು ಒಬ್ಬಳನ್ನೇ ಒಳಗೆ ಕಳಿಸಿ. ನೀವು ಬೆಂಚಿನ ಮೇಲೆ ಕೂತು, ಬಾಯಿಗೆ ಬಂದ ಸಲಹೆಯನ್ನು ನುಂಗಿಕೊಳ್ಳಿ. ನುಂಗಿ ನೋಡಿದವಳು ಹೇಳುತ್ತಿದ್ದೇನೆ, ಅದಕ್ಕಿಂತ ಜಿರಳೆ ಹಿಡಿಯುವುದು ಸುಲಭ.