ಖಾನಾವಳಿಯ ಅಕ್ಕನನ್ನು ಎರಡು ಸಲ ಬರೆದದ್ದು

ವಾರವೆಲ್ಲ ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಸೀಟುಗಳ ವಿನ್ಯಾಸ ಮಾಡುವ ನಾನು ಭಾನುವಾರ ಮಾತ್ರ ಚಿತ್ರ ಬರೆಯುತ್ತೇನೆ. ಯುರೋಪಿನ ಬರೋಕ್ ಚಿತ್ರಗಳ ಹುಚ್ಚು ಮೈಸೂರಿನಲ್ಲಿ ಕಲೆ ಓದುವಾಗಲೇ ಹಿಡಿದಿತ್ತು. ಸುಮಾರು ನಾನೂರು ವರ್ಷಗಳ ಹಿಂದಿನ ಆ ಕಲಾವಿದರಲ್ಲಿ ಕೆಲವರು ಚಿತ್ರವನ್ನೆಲ್ಲ ಕತ್ತಲಾಗಿಸಿ, ಒಂದೇ ಕಡೆಯಿಂದ ಬೆಳಕು ಬಿಟ್ಟು, ಒಂದು ಮುಖವನ್ನೋ ಕೈಯನ್ನೋ ಎತ್ತಿ ತೋರಿಸುತ್ತಿದ್ದರು. ಇವತ್ತಿನ ಕಲಾವಿದರೂ ಫೋಟೊ ತೆಗೆಯುವವರೂ ಆ ಬೆಳಕನ್ನು ಬಿಟ್ಟಿಲ್ಲ. ನಾನೂ ಬಿಟ್ಟಿರಲಿಲ್ಲ.

ಪುಣೆಯ ಕೋಥರೂಡದಲ್ಲಿ ನಮ್ಮ ಮನೆಯ ಹತ್ತಿರ ವಿಜಯಪುರದ ಕಡೆಯ ಅಕ್ಕ ಒಬ್ಬರು ಖಾನಾವಳಿ ನಡೆಸುತ್ತಾರೆ. ಅವರು ರೊಟ್ಟಿ ಬಡಿಯುವುದನ್ನು ಬರೆಯಬೇಕೆನಿಸಿತು. ಕೇಳಿದಾಗ ನಗುತ್ತಲೇ ಒಪ್ಪಿದರು. ಮೊದಲು ಫೋಟೊ ತೆಗೆಯಬೇಕಿತ್ತು. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಮುಚ್ಚಿ, ಒಲೆಯ ಉರಿಯಷ್ಟನ್ನೇ ಉಳಿಸಿಕೊಂಡೆ. ಆ ಫೋಟೊ ನೋಡಿ ಬರೆದ ಚಿತ್ರ ಚೆನ್ನಾಗಿ ಬಂತು. ನಾಲ್ಕೈದು ಗೆಳೆಯರು ಸೇರಿ ಮಾಡಿದ ಪ್ರದರ್ಶನದಲ್ಲಿ ಜನ ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು.

ಅಕ್ಕನನ್ನೂ ಕರೆದುಕೊಂಡು ಹೋದೆ. ಚಿತ್ರ ನೋಡುತ್ತಿದ್ದ ಹೆಂಗಸೊಬ್ಬಳು ‘ಪಾಪ’ ಎನ್ನುವಂತೆ ಮರಾಠಿಯಲ್ಲಿ “ಬಿಚಾರಿ!” ಎಂದು ನಿಟ್ಟುಸಿರಿಟ್ಟಳು. ಪಕ್ಕದಲ್ಲಿ ನಿಂತವರೇ ಚಿತ್ರದಲ್ಲಿರುವವರು ಎಂದು ಅವಳಿಗೆ ಗೊತ್ತಾಗಲಿಲ್ಲ. ಹೊರಗೆ ಬಂದ ಮೇಲೆ ಅಕ್ಕ ಕೇಳಿದರು:

“ನಾ ಯಾಕ ಬಿಚಾರಿ ಆಗ್ಲಿ ತಂಗಿ? ನನ್ನ ಅಡಗಿಮನ್ಯಾಗ ಅಷ್ಟ ಕತ್ತಲ ಎಲ್ಲಿ ಅದ? ಲೈಟ್ ಆರಿಸಿದಾಕಿ ನೀನ.”

“ಅದು ಒಂದು ಶೈಲಿ ಅಕ್ಕ. ಹಳೇ ಕಾಲದ ದೊಡ್ಡ ಕಲಾವಿದರು ಹಾಗೇ ಬರೀತಿದ್ರು.”

“ಅವ್ರು ಬರೀ ಕತ್ತಲನ ಬರದಾರೇನು?”

ನನಗೆ ನಾಚಿಕೆಯಾಯಿತು. ಅವರು ಬರೀ ಕತ್ತಲನ್ನು ಬರೆದಿರಲಿಲ್ಲ. ಬಂಗಾರ, ರೇಷ್ಮೆಯ ನೆರಿಗೆ, ಹಣ್ಣು ತುಂಬಿದ ತಟ್ಟೆ, ಕಣ್ಣು ಸಾಲದಷ್ಟು ವೈಭವ, ಎಲ್ಲವೂ ಅದೇ ಬರೋಕ್. ನನ್ನ ಕಾಲದ ಅನೇಕರಂತೆ ನಾನೂ ಅದರಿಂದ ದುಃಖವನ್ನಷ್ಟೇ ಆರಿಸಿಕೊಂಡಿದ್ದೆ. ರೊಟ್ಟಿ ಬಡಿಯುವ ಕೈ ಕಂಡರೆ ಕತ್ತಲು ಬಳಿಯಬೇಕೆಂದು ನನಗೆ ಹೇಳಿದವರು ಯಾರು?

“ಇನ್ನೊಂದ್ಸಲ ಕೂತ್ಕೋತೀರಾ ಅಕ್ಕ?” ಎಂದು ಕೇಳಿದೆ.

“ಈ ಸಲ ನಾ ಹೇಳ್ದಂಗ ಬರೀಬೇಕ ನೋಡು.”

ಮುಂದಿನ ಭಾನುವಾರ ಅವರು ಇಳಕಲ್ ಸೀರೆಯುಟ್ಟು, ಮೂಗುತಿ, ಬೋರಮಾಳ ಸರ ಹಾಕಿಕೊಂಡು, ರೊಟ್ಟಿಯ ರಾಶಿ, ಶೇಂಗಾ ಚಟ್ನಿ, ಬದನೆಕಾಯಿಗಳ ನಡುವೆ ಕುರ್ಚಿಯಲ್ಲಿ ಕೂತರು. ಕಿಟಕಿ ತೆರೆದೇ ಇತ್ತು. ಸೆರಗಿನ ಒಂದೊಂದು ಮಡಿಕೆಗೂ ಒಂದೊಂದು ಭಾನುವಾರ ಹಿಡಿಯಿತು. ಬಣ್ಣ ಹೆಚ್ಚಾಯಿತೇನೋ ಎಂದು ನಾನು ಅಳುಕಿದಾಗಲೆಲ್ಲ ಅವರು, “ಇನ್ನಷ್ಟ ಹಚ್ಚು” ಎನ್ನುತ್ತಿದ್ದರು.

ಗೆಳೆಯರಿಗೆ ಈ ಚಿತ್ರ ಹಿಡಿಸಲಿಲ್ಲ. ಕ್ಯಾಲೆಂಡರಿನ ಚಿತ್ರದ ಹಾಗಿದೆ ಎಂದರು. ಇರಬಹುದು. ಅಕ್ಕ ಅದನ್ನು ಖಾನಾವಳಿಯಲ್ಲಿ, ಕೈ ತೊಳೆಯುವ ಜಾಗದ ಎದುರಿನ ಗೋಡೆಗೆ ಹಾಕಿದ್ದಾರೆ. ಊಟ ಮುಗಿಸಿ ಎದ್ದವರು ಒದ್ದೆ ಕೈಯಲ್ಲೇ ನಿಂತು ಚಿತ್ರವನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡುತ್ತಾರೆ.