ಕಣ್ಣಿಲ್ಲದ ಹಂಸ

ಹಳೆಯ ಸೀರೆಗಳಲ್ಲಿನ ಪ್ರಾಣಿಪಕ್ಷಿಗಳ ಚಿತ್ರ ಬಿಡಿಸಿಡುವ ಕೆಲಸವನ್ನು ಪತ್ರಿಕೆಯ ಡೆಸ್ಕಿನಿಂದ ನಿವೃತ್ತಿಯಾದ ಮೇಲೆ ಶುರುಮಾಡಿದೆ. ಉಪ್ಪಾರಹಳ್ಳಿಯ ಮನೆಯಲ್ಲಿ ಅಂಥ ಚಿತ್ರಗಳ ನಾಲ್ಕು ಪುಸ್ತಕಗಳಿವೆ. ಗ್ರಾಫ್ ಹಾಳೆಯ ಮೇಲೆ ಚಿತ್ರ, ಪಕ್ಕದಲ್ಲಿ ಊರು, ದಿನ, ಬಣ್ಣ. ಅಂಚಿನಲ್ಲಿ ಇಪ್ಪತ್ತು ಆನೆಗಳಿದ್ದರೆ ಒಂದನ್ನು ಬಿಡಿಸಿ ‘ಉಳಿದವೂ ಹೀಗೆಯೇ’ ಎಂದು ಬರೆಯುವುದು ನನ್ನ ರೂಢಿ.

ಹೋದ ವರ್ಷ ಗುಬ್ಬಿಯಲ್ಲಿ ವಯಸ್ಸಾದ ನೇಕಾರರೊಬ್ಬರ ಮನೆಗೆ ಹೋಗಿದ್ದೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆಂದು ಅವರೇ ಕೈಮಗ್ಗದಲ್ಲಿ ನೇಯ್ದ ಸೀರೆ ಅಲ್ಲಿತ್ತು. ಸೆರಗಿನಲ್ಲಿ ಸಾಲಾಗಿ ಹನ್ನೆರಡು ಜರಿಯ ಹಂಸಗಳು. ಕಣ್ಣಿಗೆ ಕೆಂಪು ರೇಷ್ಮೆಯ ಚುಕ್ಕೆ. ಆಕೆ ಅದನ್ನು ಮಂಚದ ಮೇಲೆ ಹರಡಿ ಕಾಫಿ ತರಲು ಒಳಗೆ ಹೋದರು. ನಾನು ತುದಿಯ ಹಂಸವನ್ನು ಬಿಡಿಸಿ ಕೆಳಗೆ ಎಂದಿನ ಸಾಲು ಬರೆದೆ. ಮೊಬೈಲಿನಲ್ಲಿ ತೆಗೆದ ಫೋಟೊ ಕೂಡ ಅದೊಂದರದ್ದೇ. ಕಾಫಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಮಳೆಗಾಲದಲ್ಲಿ ಆಕೆ ತೀರಿಕೊಂಡರು. ಅದೇ ಸೀರೆ ಉಡಿಸಿ ಮಣ್ಣು ಮಾಡಿದರು. ನೇಕಾರರು ಅಮೃತೂರಿನಲ್ಲಿರುವ ಮಗಳ ಮನೆ ಸೇರಿದರು. ಹೋದ ತಿಂಗಳು ಆ ಮಗಳು ಫೋನ್ ಮಾಡಿದರು.

“ಅಪ್ಪಂಗೆ ಆ ಸೀರೆದೇ ಯೋಚ್ನೆ ಸಾರ್. ನಿಮ್ ಪುಸ್ತಕ ಒಂದ್ಸಲ ತತ್ತೀರಾ?”

ಕುಣಿಗಲ್‌ವರೆಗೆ ಒಂದು ಬಸ್ಸು, ಅಲ್ಲಿಂದ ಪ್ರೈವೇಟ್ ಬಸ್ಸು. ನೇಕಾರರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು.

“ಒಂದೇ ಐತೆ. ಮಿಕ್ಕಿದ್ದೆಲ್ಲಿ?”

“ಎಲ್ಲಾ ಒಂದೇ ಥರ ಅಲ್ವಾ ಯಜಮಾನ್ರೇ?”

“ಅಲ್ಲ. ದೃಷ್ಟಿ ಆಗ್ದಿರ್ಲಿ ಅಂತ ಒಂದ್ಕೆ ಕಣ್ಣು ಇಡಲ್ಲ ನಾವು.”

ಯಾವುದಕ್ಕೆ ಇಟ್ಟಿರಲಿಲ್ಲವೆಂಬುದು ಅವರಿಗೆ ಮರೆತುಹೋಗಿತ್ತು. ಆ ಸೀರೆ ಉಟ್ಟಾಗಲೆಲ್ಲ ಹೆಂಡತಿ ಆ ಹಕ್ಕಿಯ ಮೇಲೆ ಬೆರಳಿಟ್ಟು, “ಕುರುಡು ಹಕ್ಕಿ ಕೊಟ್ಟ ಧಣಿ ಇವ್ರೇ” ಎಂದು ಹಂಗಿಸುತ್ತಿದ್ದರಂತೆ.

“ಯಾವ್ದೋ ಒಂದು ಅನ್ಕೊಳ್ಳಪ್ಪ,” ಎಂದರು ಮಗಳು.

“ಅಂಗೆಲ್ಲ ಅನ್ಕೊಳ್ಳಕ್ಕಾಗಲ್ಲ ಕಣವ್ವ. ಅವಳ ಬೆರಳು ಎಲ್ಲಿಗೋಯ್ತಿತ್ತು ಅಂತ ಗೊತ್ತಾಗ್ಬೇಕು.” ಆಮೇಲೆ ನನ್ನತ್ತ ತಿರುಗಿದರು. “ಪೇಪರ್‌ನೋರಲ್ವಾ ನೀವು? ಒಂದ್ ನೋಡಿ ಹನ್ನೊಂದು ಬರ್ದ್‌ಬುಟ್ರಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣಾರೆ ನೋಡದ್ದನ್ನು ಬರೆದ ವರದಿಗಾರರ ಸಾಲುಗಳನ್ನು ಮೂವತ್ತು ವರ್ಷ ಹೊಡೆದುಹಾಕಿದ್ದವನು ನಾನು. ಮೊಬೈಲ್ ತೆಗೆದು ಫೋಟೊ ದೊಡ್ಡದು ಮಾಡಿ ಕೊಟ್ಟೆ. ಅದರ ಅಂಚಿನಲ್ಲಿ ಪಕ್ಕದ ಹಂಸದ ಬಾಲ, ಒಂದು ಕಾಲು ಸಿಕ್ಕಿತ್ತು. ನೇಕಾರರು ಅಲ್ಲಿ ಬೆರಳಿಟ್ಟರು.

“ಇದ್ರ ತಲೆ?”

“ಬಂದಿಲ್ಲ.”

ಅವರು ಪುಸ್ತಕದ ಹಾಳೆಯ ಖಾಲಿ ಭಾಗದ ಮೇಲೆ, ನಾನು ಬಿಡಿಸಿದ ಹಂಸದ ಪಕ್ಕದಿಂದ, ಬೆರಳಿನಲ್ಲಿ ಒಂದೊಂದೇ ಜಾಗ ಮುಟ್ಟುತ್ತ ಹೋದರು. ನಾಲ್ಕನೆಯದರಲ್ಲಿ ನಿಂತರು, ಹಿಂದಕ್ಕೆ ಬಂದರು, ಮತ್ತೆ ಏಳನೆಯದಕ್ಕೆ ಹೋದರು. ಕೊನೆಗೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

“ಊಟ ಮಾಡ್ಕಂಡೋಗಿ,” ಎಂದರು.

ವಾಪಸು ಬರುವಾಗ ಕುಣಿಗಲ್ ಸ್ಟ್ಯಾಂಡಿನಲ್ಲಿ ಕೂತು ‘ಉಳಿದವೂ ಹೀಗೆಯೇ’ ಎಂಬುದನ್ನು ಹೊಡೆದು, ‘ಹನ್ನೊಂದನ್ನು ನೋಡಿಲ್ಲ’ ಎಂದು ಬರೆದೆ. ಹಿಂದಿನ ಹಾಳೆ ತಿರುಗಿಸಿದೆ. ಆನೆಯ ಕೆಳಗೂ ಅದೇ ಸಾಲಿತ್ತು.