ಹಿಲ್ಕಾಳ ಮೆಲುದನಿಯ ತರಗತಿ

ಕುಹ್ಮೊ ಎಂಬ ಊರಿನ ನಮ್ಮ ಶಾಲೆಯಲ್ಲಿ ಹಿಲ್ಕಾ ಕಾರ್ಪಿನೆನ್ ಗಣಿತ ಕಲಿಸುತ್ತಿದ್ದರೆ, ಪಕ್ಕದಲ್ಲಿ ಮರಗೆಲಸ ಕಲಿಸುವ ನನಗೆ ಗರಗಸದ ಸದ್ದಿನ ನಡುವೆಯೂ ಅವಳ ಪಾಠ ಕೇಳಿಸುತ್ತಿತ್ತು. ಅಂಥ ಗಂಟಲು ಅವಳ ಐವತ್ತೈದನೆಯ ವಯಸ್ಸಿಗೆ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾದ ಮೇಲೂ ಡಾಕ್ಟರು, ಇನ್ನು ಗಂಟೆಗಟ್ಟಲೆ ಮಾತಾಡುವಂತಿಲ್ಲ ಎಂದುಬಿಟ್ಟರು.

"ಮಾತಾಡದ ಟೀಚರ್ ಯಾರಿಗೆ ಬೇಕು ಎಸ್ಕೊ? ಬಿಟ್ಬಿಡ್ತೀನಿ ಕಣೋ," ಎಂದಳು ನನ್ನೊಡನೆ ಕಾಫಿ ಕುಡಿಯುತ್ತ.

"ಬಿಡೋದು ಇದ್ದೇ ಇದೆ. ಮೊದಲು ಇದನ್ನ ನೋಡು," ಎಂದು ಫೋನ್ ಮುಂದಿಟ್ಟೆ. ಪಾಠವನ್ನು ವಿಡಿಯೊ ಮಾಡಿ ಮಕ್ಕಳ ಮನೆಗೆ ಕಳಿಸಿ, ಲೆಕ್ಕಗಳನ್ನು ತರಗತಿಯಲ್ಲೇ ಮಾಡಿಸುವ ಶಿಕ್ಷಕರದೊಂದು ಗುಂಪು ಫೇಸ್‌ಬುಕ್ಕಿನಲ್ಲಿತ್ತು.

ಹಿಲ್ಕಾ ಅಳುಕುತ್ತಲೇ ಬರೆದಳು: "ನನಗೆ ಸ್ವಲ್ಪ ಹೊತ್ತಷ್ಟೇ ಮಾತಾಡೋಕಾಗೋದು. ಇಲ್ಲಿ ಜಾಗ ಇದ್ಯಾ?"

ರೌಮಾದ ಓಸ್ಮೊ ಎಂಬ ಶಿಕ್ಷಕ ಉತ್ತರಿಸಿದ: "ಐದು ನಿಮಿಷ ದಾಟಿದ್ರೆ ನನ್ನ ವಿಡಿಯೊನ ನನ್ನ ಹೆಂಡ್ತೀನೇ ನೋಡಲ್ಲ. ಧಾರಾಳವಾಗಿ ಬನ್ನಿ."

ಹಿಲ್ಕಾ ಮೊದಲ ವಿಡಿಯೊ ಕಳಿಸಿದ ಮರುದಿನವೇ ಎಡವಟ್ಟಾಯಿತು. ಅರ್ಧ ತರಗತಿ ವಿಡಿಯೊ ನೋಡದೆ ಬಂದಿತ್ತು. ಸಿಟ್ಟಿಗೆದ್ದ ಹಿಲ್ಕಾ ಬೋರ್ಡಿನ ಮುಂದೆ ನಿಂತು ಎಲ್ಲವನ್ನೂ ಮತ್ತೆ ಹೇಳಿಕೊಟ್ಟಳು. ಸಂಜೆಗೆ ದನಿ ಪೂರ್ತಿ ನಿಂತಿತು. ನನ್ನಿಂದಾಗದು ಎಂದು ಗುಂಪಿನಲ್ಲಿ ಬರೆದಾಗ, ಔಲುವಿನ ಮಾರ್ಕೆಟ್ಟಾ ಎಂಬ ಹಿರಿಯ ಶಿಕ್ಷಕಿ ತರಾಟೆಗೆ ತೆಗೆದುಕೊಂಡಳು: "ನೋಡದೆ ಬಂದೋರಿಗೂ ನೀವೇ ಹೇಳ್ಕೊಟ್ರೆ ಅವರು ಇನ್ಯಾಕಮ್ಮಾ ನೋಡ್ತಾರೆ? ಮೂಲೇಲಿ ಕೂರಿಸಿ ಅಲ್ಲೇ ತೋರಿಸಿ. ನೀವು ಬಾಯಿ ಮುಚ್ಕೊಂಡಿರಿ. ಡಾಕ್ಟ್ರು ಹೇಳಿದ್ದೂ ಅದೇ ತಾನೆ?"

ಅದನ್ನು ನನಗೆ ತೋರಿಸಿ ಹಿಲ್ಕಾ ಸದ್ದಿಲ್ಲದೆ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದು.

ದನಿ ಸ್ವಲ್ಪ ಮರಳಿದ ಮೇಲೆ ಹಾಗೆಯೇ ಮಾಡಿದಳು. ನೋಡದವರು ಮೂಲೆಯಲ್ಲಿ ಹೆಡ್‌ಫೋನ್ ಹಾಕಿ ಕೂತರು. ಉಳಿದವರು ಲೆಕ್ಕ ಬಿಡಿಸತೊಡಗಿದರು. ಹಿಲ್ಕಾ ಸ್ಟೂಲು ಎಳೆದುಕೊಂಡು ಒಂದೊಂದೇ ಮೇಜಿಗೆ ಹೋಗುತ್ತಿದ್ದಳು. ಅವಳ ಮೆಲುದನಿ ಕೇಳಿಸಲೆಂದು ಮಕ್ಕಳೂ ದನಿ ತಗ್ಗಿಸಿದರು. ಅದುವರೆಗೆ ತರಗತಿಯಲ್ಲಿ ಬಾಯಿಯನ್ನೇ ಬಿಡದಿದ್ದ ಪಿನ್ಯಾ ಎಂಬ ಹುಡುಗಿ ಒಂದು ದಿನ ಅವಳ ತೋಳು ಹಿಡಿದಳು. ನಮ್ಮಲ್ಲಿ ಮಕ್ಕಳು ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ.

"ವಿಡಿಯೊ ಮತ್ತೆ ಮತ್ತೆ ನೋಡ್ದೆ ಹಿಲ್ಕಾ. ಅರ್ಥ ಆಗ್ಲಿಲ್ಲ."

"ಎಲ್ಲಿಂದ?"

"ನೀನು 'ಇದೇನು, ಸುಲಭ' ಅಂತೀಯಲ್ಲ, ಅಲ್ಲಿಂದ."

ಹಿಲ್ಕಾ ಪೆನ್ಸಿಲ್ ತೆಗೆದುಕೊಂಡು ಆ ಹೆಜ್ಜೆಯನ್ನು ಬಿಡಿಬಿಡಿಯಾಗಿ ತೋರಿಸಿದಳು. ಮನೆಗೆ ಹೋಗಿ ಆ ಮಾತು ತೆಗೆದು ವಿಡಿಯೊ ಹೊಸದಾಗಿ ಮಾಡಿದಳು, ನಡೆದದ್ದನ್ನು ಗುಂಪಿಗೂ ಬರೆದಳು. ತಾವೂ ಹಾಗೆ ಹೇಳಿರುವೆವೇ ಎಂದು ದೇಶದ ಮೂಲೆಮೂಲೆಯ ಶಿಕ್ಷಕರು ತಮ್ಮ ವಿಡಿಯೊಗಳನ್ನು ಹುಡುಕತೊಡಗಿದರು. "ನಂದ್ರಲ್ಲಿ ಹೆಜ್ಜೆಗೊಂದು 'ಸುಲಭ' ಇದೆ, ಮಾನ ಹೋಯ್ತು," ಎಂದು ಓಸ್ಮೊ ಒಪ್ಪಿಕೊಂಡ.

ವರ್ಷ ಕಳೆಯುವಷ್ಟರಲ್ಲಿ ಅವಳ ದನಿ ಸುಮಾರಾಗಿ ಸುಧಾರಿಸಿತು. ಆದರೂ ಅವಳು ಹಳೆಯ ರೀತಿಗೆ ಮರಳಲಿಲ್ಲ, ಕೆಲಸ ಬಿಡುವ ಮಾತೂ ಎತ್ತಲಿಲ್ಲ. ಪಿನ್ಯಾ ಮುಂದಿನ ಓದಿಗೆ ಗಣಿತವನ್ನೇ ಆರಿಸಿಕೊಂಡಳು.

ಮೊನ್ನೆ ಸೊತ್ಕಾಮೊದಿಂದ ಗುಂಪಿನ ಹೊಸ ಶಿಕ್ಷಕನೊಬ್ಬ ಹಿಲ್ಕಾಳ ಪಾಠ ನೋಡಲು ಬಂದ. ಬೋರ್ಡಿನ ಮುಂದೆ ಯಾರೂ ಇಲ್ಲದ್ದನ್ನು ಕಂಡು ಬಾಗಿಲಲ್ಲೇ ನಿಂತು, "ಪಾಠ ಇನ್ನೂ ಶುರುವಾಗಿಲ್ವಾ?" ಎಂದ.

"ನಡೀತಾ ಇದೆ, ಒಳಗೆ ಬನ್ನಿ," ಎಂದು ಹಿಲ್ಕಾ ಅವನನ್ನು ಕರೆದು ಮಕ್ಕಳ ನಡುವೆ ಕೂರಿಸಿದಳು.